ಹಾಲಿನಿಂದ ಕಟ್ಟಿದ ಮನೆ

ಬಿನ್ ಮಹಮೂದ್, ದೋಹಾ
ಶುಕ್ರವಾರ, ೧೬ ಮೇ ೨೦೨೫

ಪ್ರೀತಿಯ ಅಶ್ವಿತಾ,

ನಿನಗೂ ಅಕ್ಷಯನಿಗೂ ನನ್ನ ಆಶೀರ್ವಾದ. ಪಾಪುವಿನ ಎರಡು ಕೆನ್ನೆಗೂ ನನ್ನ ಪರವಾಗಿ ಒಂದೊಂದು ಮುತ್ತು ಕೊಡು. ದೊಡ್ಡಮ್ಮನ ಮಂಡಿನೋವು ಹೇಗಿದೆ? ಎಣ್ಣೆ ತಿಕ್ಕಿಕೊಳ್ಳುತ್ತಾಳೋ ಇಲ್ಲ ಬಾಟಲಿಯನ್ನು ಕಪಾಟಿನಲ್ಲಿ ಭದ್ರವಾಗಿ ಇಟ್ಟಿದ್ದಾಳೋ? ನಾನು ಚೆನ್ನಾಗಿದ್ದೇನೆ. ಇಲ್ಲಿ ಸೆಕೆ ಶುರುವಾಗಿದೆ. ಬೆಳಿಗ್ಗೆ ಮೆಟ್ರೋ ಸ್ಟೇಷನ್ ತಲುಪುವುದರೊಳಗೆ ಬೆನ್ನು ಒದ್ದೆಯಾಗುತ್ತದೆ, ಲುಸೈಲ್‌ನ ಆಫೀಸು ಹೊಕ್ಕ ಮೇಲೆ ಎ.ಸಿ.ಯಲ್ಲಿ ಅದೇ ಬೆನ್ನು ಹೆಪ್ಪುಗಟ್ಟುತ್ತದೆ.

ನೀನು ಮೆಸೇಜ್ ಮಾಡಿ ಮೂರು ವಾರ ಕಳೆಯಿತು. ಆಮೇಲೆ ಎರಡು ಸಲ ಫೋನಿನಲ್ಲೂ ಕೇಳಿದೆ. ಎರಡು ಸಲವೂ ನಾನು "ಲೈನ್ ಸರಿ ಇಲ್ಲ ಮಗಾ, ಮತ್ತೆ ಮಾಡ್ತೇನೆ" ಎಂದು ಇಟ್ಟುಬಿಟ್ಟೆ. ಲೈನ್ ಸರಿಯಾಗಿಯೇ ಇತ್ತು. ತಪ್ಪಾಯಿತು, ಕ್ಷಮಿಸು. ಕಾಗದ ಬರೆಯುವ ಅಭ್ಯಾಸ ತಪ್ಪಿ ಎಷ್ಟೋ ವರ್ಷಗಳಾದವು. ಬೆರಳು ನೋಯುತ್ತಿದೆ, ಅಕ್ಷರ ಓಡುತ್ತಿಲ್ಲ. ಎದುರು ಫ್ಲಾಟಿನ ಫಾಹಿಮಾಳ ಗಂಡ ಶಾಹುಲ್ ಹಮೀದರು ಬುಧವಾರ ಮಂಗಳೂರಿಗೆ ಹೊರಟಿದ್ದಾರೆ. ಪಡುಬಿದ್ರಿಯಲ್ಲಿ ಇಳಿದು ನಿನ್ನ ಕೈಗೇ ಕೊಡುತ್ತೇನೆ ಎಂದಿದ್ದಾರೆ. ಹಾಗಾಗಿ ಬುಧವಾರದೊಳಗೆ ನಾನು ಏನಾದರೂ ಹೇಳಲೇಬೇಕು.

ನೀನು ಕೇಳಿದ್ದು ನೇರವಾದ ಪ್ರಶ್ನೆ. ಇಲ್ಲಿಯ ಅಲ್ ರಯ್ಯಾನ್‌ನ ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್ ಕೆಲಸ ಸಿಕ್ಕಿದೆ, ಜುಲೈ ಒಂದಕ್ಕೆ ಸೇರಬೇಕು, ಮೊದಲ ವರ್ಷ ಕುಟುಂಬವನ್ನು ಕರೆತರುವಂತಿಲ್ಲ. ಪಾಪುವಿಗೆ ಆಗ ಐದೂವರೆ ತಿಂಗಳು. "ದೊಡ್ಡಮ್ಮ ನೋಡಿಕೊಳ್ಳುತ್ತೇನೆ ಅಂತ ಹೇಳಿದ್ದಾಳೆ. ನನ್ನನ್ನೂ ಅವಳೇ ಸಾಕಿದ್ದಲ್ವಾ. ಅಮ್ಮ, ನೀನೇ ಹೇಳು, ಬರಲಾ ಬೇಡವಾ? ನೀನು ಹೇಳಿದ ಹಾಗೆ ಮಾಡ್ತೇನೆ" ಎಂದು ಬರೆದಿದ್ದೆ. ಆ ಮೆಸೇಜನ್ನು ನಾನು ಫ್ರಾನ್ಸಿನ ಒಂದು ರೈಲ್ವೆ ಸ್ಟೇಷನ್ನಿನಲ್ಲಿ ನಿಂತು ಓದಿದೆ. ಒಂದು ದಿನ ಮೊದಲು ಬಂದಿದ್ದರೆ ಕಣ್ಣು ಮುಚ್ಚಿ "ಬಾ" ಎನ್ನುತ್ತಿದ್ದೆ. ಒಂದು ದಿನ ತಡವಾದದ್ದಕ್ಕೆ ಹೀಗಾಯಿತು. ಆ ಒಂದು ದಿನದ್ದನ್ನು ಹೇಳದೆ ನಿನಗೆ ಉತ್ತರ ಕೊಡಲು ನನಗೆ ಬರುವುದಿಲ್ಲ. ತಾಳ್ಮೆಯಿಂದ ಓದು.

ಆರ್ಡರ್ ನೋಡಿಕೊಳ್ಳುವ ಹೊಸ ಸಾಫ್ಟ್‌ವೇರ್ ಕಲಿಯಲಿಕ್ಕೆಂದು ಆಫೀಸಿನವರು ನಮ್ಮನ್ನು ಡಿಜೋನ್ ಎಂಬ ಊರಿಗೆ ಒಂದು ವಾರ ಕಳಿಸಿದ್ದು ನಿನಗೆ ಗೊತ್ತು. ಜೊತೆಗೆ ಬಂದವಳು ಪ್ಯಾಟ್ರಿಷಿಯಾ, ನಮ್ಮಲ್ಲಿ ನಕ್ಷೆ ಬಿಡಿಸುವ ವಿಭಾಗದವಳು. ಐವತ್ತೈದರ ಫ್ರೆಂಚ್ ಹೆಂಗಸು. ಹನ್ನೆರಡು ವರ್ಷದಿಂದ ಕತಾರಿನಲ್ಲಿದ್ದಾಳೆ, ಎಲ್ಲದಕ್ಕೂ "ಯಲ್ಲಾ, ಯಲ್ಲಾ" ಎಂದು ಅವಸರ ಮಾಡುತ್ತಾಳೆ. ತರಬೇತಿ ಮುಗಿದ ಮೇಲೆ ಎರಡು ದಿನ ಕೈಯಲ್ಲಿ ಉಳಿದವು. "ಪ್ಯಾರಿಸ್ ನೋಡ್ತೀಯಾ, ನನ್ನ ಅಮ್ಮನ ಊರಿಗೆ ಬರ್ತೀಯಾ?" ಎಂದು ಕೇಳಿದಳು. ಒಬ್ಬಳೇ ಪ್ಯಾರಿಸ್ಸಿಗೆ ಹೋಗಲು ಧೈರ್ಯ ಬರಲಿಲ್ಲ. ಅವಳ ಜೊತೆ ಹೊರಟೆ.

ಊರು ಮೊರ್ವಾನ್ ಎಂಬ ಗುಡ್ಡಗಾಡಿನಲ್ಲಿದೆ. ಏಪ್ರಿಲ್ ಆದರೂ ಚಳಿ ಎಲುಬಿಗೆ ಇಳಿಯುವಂತಿತ್ತು. ಕಲ್ಲಿನ ಗೋಡೆ, ಕಡಿದಾದ ಮಾಡು, ನೀಲಿ ಬಣ್ಣದ ಕಿಟಕಿ ಬಾಗಿಲು. ಕ್ಯಾಲೆಂಡರಿನಲ್ಲಿ ಹಾಕುವಂಥ ಊರು. ಫ್ರಾನ್ಸ್ ಎಂದರೆ ನಾನು ಸೆಂಟು, ರೇಷ್ಮೆ, ದೊಡ್ಡ ದೊಡ್ಡ ಅರಮನೆ ಎಂದುಕೊಂಡವಳು. ಕಾರಿನಿಂದ ಇಳಿಯುತ್ತಿದ್ದಂತೆ "ಎಷ್ಟು ಚಂದ ಉಂಟು ನಿಮ್ಮ ಊರು" ಎಂದೆ. ಪ್ಯಾಟ್ರಿಷಿಯಾ ನಗಲಿಲ್ಲ. "ಈಗ ಚಂದ. ಯಾರೂ ಇಲ್ಲ, ಅದಕ್ಕೆ" ಎಂದಳು.

ಅವಳ ತಾಯಿಗೆ ಎಂಬತ್ತಾರು ವರ್ಷ. ಗಿಡ್ಡ ಹೆಂಗಸು, ಕೈ ಮಾತ್ರ ಗಂಡಸಿನದರಂತೆ ದೊಡ್ಡದು. ನಾನು ಮಾದಾಮ್ ಎಂದೇ ಕರೆದೆ. ಅವರಿಗೆ ಫ್ರೆಂಚ್ ಬಿಟ್ಟು ಬೇರೆ ಭಾಷೆ ಬಾರದು. ಪ್ಯಾಟ್ರಿಷಿಯಾ ನಡುವೆ ಕುಳಿತು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಸೂಪು, ಬ್ರೆಡ್ಡು, ಆಲೂಗಡ್ಡೆ ಬಡಿಸಿದರು. ನಾನು ಬ್ರೆಡ್ಡಿನ ಗಟ್ಟಿ ಅಂಚನ್ನು ತಟ್ಟೆಯಲ್ಲೇ ಬಿಟ್ಟಿದ್ದನ್ನು ನೋಡಿ ಮಾದಾಮ್ ಅದನ್ನು ತೆಗೆದು ತಮ್ಮ ಸೂಪಿಗೆ ಹಾಕಿಕೊಂಡರು. ನನಗೆ ನಾಚಿಕೆಯಾಯಿತು. ಅಲ್ಲಿಂದ ಮಾತು ಶುರುವಾಯಿತು.

ಅವರ ಅಜ್ಜಿಯ ಕಾಲದಲ್ಲಿ ತಿಂಗಳಿಗೊಮ್ಮೆ ಒಲೆ ಹಚ್ಚಿ ರೈ ಧಾನ್ಯದ ರೊಟ್ಟಿ ಬೇಯಿಸುತ್ತಿದ್ದರಂತೆ. ಸೌದೆ ಉಳಿಸಲಿಕ್ಕೆ. ಕೊನೆಕೊನೆಗೆ ಅದು ಎಷ್ಟು ಗಟ್ಟಿಯಾಗುತ್ತಿತ್ತೆಂದರೆ ಕೊಡಲಿಯಲ್ಲಿ ಒಡೆದು ನೀರಲ್ಲಿ ನೆನೆಸಿ ತಿನ್ನಬೇಕಿತ್ತು. ಒಂದೇ ಕೋಣೆ, ಅದರಲ್ಲಿ ಎಂಟು ಜನ, ಮರದ ತಡಿಕೆಯಾಚೆ ದನ. ದನದ ಉಸಿರಿನ ಬಿಸಿಯಲ್ಲೇ ಚಳಿಗಾಲ ಕಳೆಯಬೇಕು. ಹಿಮ ಬಿದ್ದಾಗ ಎದ್ದು ಓಡಾಡಿದರೆ ಹಸಿವಾಗುತ್ತದೆಂದು ಹಗಲೆಲ್ಲ ಒಬ್ಬರಿಗೊಬ್ಬರು ಅಂಟಿಕೊಂಡು ಮಲಗಿರುತ್ತಿದ್ದರಂತೆ. ಕಾಡಿನ ಸೌದೆಯನ್ನು ಹೊಳೆಯಲ್ಲಿ ತೇಲಿಸಿ ಪ್ಯಾರಿಸ್ಸಿಗೆ ಕಳಿಸುವುದು ಆ ಕಡೆಯ ದೊಡ್ಡ ಕೆಲಸ. ಹೆಂಗಸರೂ ಕೊಕ್ಕೆ ಹಿಡಿದು ಹಿಮದ ನೀರಲ್ಲಿ ಸೊಂಟಮಟ್ಟ ನಿಂತು ದಿಮ್ಮಿ ತಳ್ಳುತ್ತಿದ್ದರಂತೆ. ಗಂಡಸರು ಎತ್ತಿನ ಗಾಡಿ ಹೂಡಿಕೊಂಡು ಮೇ ತಿಂಗಳಲ್ಲಿ ದೂರದ ಸೀಮೆಗಳಿಗೆ ಹೊರಟರೆ ಬರುವುದು ಡಿಸೆಂಬರಿಗೆ.

ನನಗೆ ಮೊದಲು ನಂಬಿಕೆಯೇ ಬರಲಿಲ್ಲ. ಇದೆಲ್ಲ ನಮ್ಮಂಥವರ ಕಥೆಯಲ್ಲವೇ? ಫ್ರಾನ್ಸಿನವರೂ ಹಸಿದಿದ್ದರೇ? ಇಲ್ಲಿ ಆಫೀಸಿನಲ್ಲಿ ನಾವು ಅವರನ್ನು ನೋಡುವಾಗ ಹುಟ್ಟಿದಾಗಿನಿಂದಲೇ ಹೊಟ್ಟೆ ತುಂಬಿದವರು ಎಂದು ನೋಡುತ್ತೇವೆ.

"ಹೆಂಗಸರು ಹೊರಗೆ ಹೋಗ್ತಿರಲಿಲ್ವಾ?" ಎಂದು ಕೇಳಿದೆ.

ಮಾದಾಮ್ ಎದ್ದು ಗೋಡೆಯ ಮೇಲಿನ ಒಂದು ಫೋಟೋ ಇಳಿಸಿ ನನ್ನ ಮುಂದೆ ಇಟ್ಟರು. ಇಪ್ಪತ್ತೆರಡು ಇಪ್ಪತ್ತಮೂರರ ಹೆಂಗಸು. ಉದ್ದನೆಯ ಮೇಲಂಗಿ, ತಲೆಗೆ ಬಿಳಿ ಕುಲಾವಿ, ಅದರಿಂದ ಹಿಮ್ಮಡಿಯವರೆಗೆ ಇಳಿದ ಅಗಲವಾದ ರಿಬ್ಬನ್ನು. ತೊಡೆಯ ಮೇಲೆ ಕಸೂತಿ ಬಟ್ಟೆಯಲ್ಲಿ ಸುತ್ತಿದ ದುಂಡು ಮಗು. "ಮದುವೆ ಆಗಿ ಶ್ರೀಮಂತರ ಮನೆಗೆ ಹೋದವರಾ?" ಎಂದೆ. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅದು ಮಾದಾಮ್‌ರ ಅಜ್ಜಿ. ಮಗು ಅವಳದಲ್ಲ. ಈ ಊರುಗಳ ಬಾಣಂತಿಯರು ತಮ್ಮ ಎಳೆಗೂಸನ್ನು ಮನೆಯಲ್ಲಿ ಬಿಟ್ಟು ಪ್ಯಾರಿಸ್ಸಿನ ಶ್ರೀಮಂತರ ಮಕ್ಕಳಿಗೆ ಮೊಲೆಯೂಡಿಸಲು ಹೋಗುತ್ತಿದ್ದರಂತೆ. ಒಬ್ಬರಿಬ್ಬರಲ್ಲ, ಊರಿಗೆ ಊರೇ. ಒಂದು ವರ್ಷ, ಒಂದೂವರೆ ವರ್ಷ. ಅಲ್ಲಿ ಅವರಿಗೆ ಒಳ್ಳೆಯ ಊಟ, ಒಳ್ಳೆಯ ಬಟ್ಟೆ. ಅವರು ಚೆನ್ನಾಗಿ ತಿಂದರೆ ತಾನೇ ಹಾಲು. ತಿರುಗಿ ಬಂದು ಆ ಗಳಿಕೆಯಲ್ಲಿ ಹುಲ್ಲಿನ ಮಾಡು ತೆಗೆದು ಕಲ್ಲಿನ ಮನೆ ಕಟ್ಟಿಸುತ್ತಿದ್ದರು. ಅಂಥ ಮನೆಗಳಿಗೆ ಅಲ್ಲಿ ಇವತ್ತಿಗೂ 'ಹಾಲಿನ ಮನೆ' ಎಂದೇ ಹೆಸರು. ಮಾದಾಮ್ ಆ ದೊಡ್ಡ ಅಂಗೈಯಿಂದ ಗೋಡೆಯನ್ನು ಪಟಪಟ ಬಡಿದು ತೋರಿಸಿದರು. "ಇದು ಹಾಲು. ಇದೆಲ್ಲ ಹಾಲು." ಹೆಮ್ಮೆಯೋ ಸಂಕಟವೋ ನನಗೆ ಗೊತ್ತಾಗಲಿಲ್ಲ. ಇವತ್ತಿಗೂ ಗೊತ್ತಾಗಿಲ್ಲ.

"ಮನೆಯಲ್ಲಿ ಬಿಟ್ಟುಹೋದ ಮಗು?" ಎಂದು ಕೇಳಿದೆ. ಕೇಳಬಾರದಿತ್ತು.

ಹೆಣ್ಣು ಮಗುವಂತೆ. ನಾಲ್ಕು ತಿಂಗಳದ್ದು. ಅತ್ತೆಯ ಬಳಿ ಬಿಟ್ಟುಹೋಗಿದ್ದಳು. ದನದ ಹಾಲಿಗೆ ನೀರು ಬೆರೆಸಿ ಬಟ್ಟೆಯ ತುದಿಯಿಂದ ಹನಿಸುತ್ತಿದ್ದರು. ಆ ಚಳಿಗಾಲದಲ್ಲೇ ಹೋಯಿತು. ಪ್ಯಾರಿಸ್ಸಿಗೆ ಯಾರೂ ತಿಳಿಸಲಿಲ್ಲ. ದುಃಖಕ್ಕೆ ಹಾಲು ಕೆಡುತ್ತದೆ, ಕೆಟ್ಟರೆ ಆ ಮನೆಯವರು ಕಳಿಸಿಬಿಡುತ್ತಾರೆ ಎಂದು. ಹದಿನಾಲ್ಕು ತಿಂಗಳ ನಂತರ ಅವಳು ಮಗುವಿಗೆಂದು ಒಂದು ಜೊತೆ ಚಿಕ್ಕ ಬೂಟು ಹಿಡಿದುಕೊಂಡು ಬಂದಳಂತೆ, ನಡೆಯಲು ಕಲಿತಿರುತ್ತದೆ ಎಂದು ಲೆಕ್ಕ ಹಾಕಿ.

ಪ್ಯಾಟ್ರಿಷಿಯಾ ಇದನ್ನು ಇಂಗ್ಲಿಷಿನಲ್ಲಿ ಹೇಳುತ್ತಾ ಹೇಳುತ್ತಾ ಸಿಟ್ಟಾದಳು. ತಾಯಿಯ ಕಡೆ ತಿರುಗಿ ಫ್ರೆಂಚಿನಲ್ಲಿ ಏನೋ ಅಂದಳು. ತಾಯಿ ಮೇಜು ಕುಟ್ಟಿ ಏನೋ ಅಂದರು. ಇಬ್ಬರೂ ಜೋರು ಜೋರಾಗಿ ಮಾತಾಡತೊಡಗಿದರು. ನನ್ನ ಬಗ್ಗೆಯೇ ಜಗಳವೇನೋ ಎಂದು ನಾನು ಚಮಚ ಹಿಡಿದು ಕುಳಿತೆ. ಆಮೇಲೆ ಪ್ಯಾಟ್ರಿಷಿಯಾ ಹೇಳಿದಳು: "ಮುತ್ತಜ್ಜಿ ಮತ್ತೆ ಎರಡು ಸಲ ಹೋದಳು, ಗೊತ್ತಾ? ಇನ್ನೊಂದು ಮಗು ಹೆತ್ತು, ಅದನ್ನೂ ಬಿಟ್ಟು ಹೋದಳು. ಮೂರನೆಯದನ್ನೂ. ಒಂದು ಸತ್ತ ಮೇಲೂ! ನನಗೆ ಇದು ಅರ್ಥವೇ ಆಗಲ್ಲ. ಅಮ್ಮ ಹೇಳ್ತಾಳೆ, ಅವಳು ಹೋಗದಿದ್ದರೆ ನೀನೂ ಇಲ್ಲ ನಾನೂ ಇಲ್ಲ ಅಂತ."

ಆ ಎರಡನೆಯ ಮಗುವೇ ಮಾದಾಮ್‌ರ ತಾಯಿ.

ಇಬ್ಬರಲ್ಲಿ ಯಾರು ಸರಿ ಎಂದು ನಾನು ಯೋಚಿಸುತ್ತಿದ್ದಾಗ ಮಾದಾಮ್ ನನ್ನ ಕಡೆ ಬೆರಳು ತೋರಿಸಿ ಏನೋ ಕೇಳಿದರು. ಪ್ಯಾಟ್ರಿಷಿಯಾ ಸಂಕೋಚದಿಂದ ಹೇಳಿದಳು, "ನಿನಗೆ ಮಕ್ಕಳಿದ್ದಾರಾ ಅಂತ ಕೇಳ್ತಿದ್ದಾಳೆ."

"ಒಬ್ಬಳು ಮಗಳು" ಎಂದೆ. "ಹುಟ್ಟುವ ಮೊದಲೇ ಅವಳಪ್ಪ ಹೋದ್ರು. ಐದು ತಿಂಗಳಾದಾಗ ಅಕ್ಕನ ಹತ್ರ ಬಿಟ್ಟು ದೋಹಾಕ್ಕೆ ಬಂದೆ. ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಕೆಲಸಕ್ಕೆ."

ಮಗಳು ಅದನ್ನು ಫ್ರೆಂಚಿಗೆ ಮಾಡಿ ಹೇಳಿದಳು. ಮುದುಕಿ ನನ್ನ ಮುಖವನ್ನೇ ನೋಡಿ ಒಂದೇ ಮಾತು ಕೇಳಿದರು. ಪ್ಯಾಟ್ರಿಷಿಯಾ ಅದನ್ನು ಹೇಳುವುದೋ ಬಿಡುವುದೋ ಎಂದು ತಡೆದಳು. ಆಮೇಲೆ ಹೇಳಿದಳು.

"ಬದುಕಿದ್ದಾಳಾ?"

ಅಶ್ವಿತಾ, ನನಗೆ ಇಪ್ಪತ್ತೇಳು ವರ್ಷದಲ್ಲಿ ಎಷ್ಟೋ ಜನ ಎಷ್ಟೋ ಪ್ರಶ್ನೆ ಕೇಳಿದ್ದಾರೆ. ಹೇಗೆ ಬಿಟ್ಟು ಬಂದಿರಿ, ನೆನಪಾಗುವುದಿಲ್ಲವಾ, ಯಾವಾಗ ಊರಿಗೆ ಹೋಗ್ತೀರಿ ಎಂದೆಲ್ಲ. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. "ಬದುಕಿದ್ದಾಳೆ. ಓದಿದ್ದಾಳೆ, ಮದುವೆಯಾಗಿದೆ, ಅವಳಿಗೂ ಮಗುವಾಗಿದೆ" ಎಂದೆ. ಮಾದಾಮ್ ಎರಡು ಕೈಯನ್ನೂ ಚಪ್ಪಾಳೆಯಂತೆ ತಟ್ಟಿ, "ಮತ್ತೇನು ಬೇಕು ನಿನಗೆ!" ಎಂದು ನಕ್ಕು ನನ್ನ ಬಟ್ಟಲಿಗೆ ಇನ್ನಷ್ಟು ಸೂಪು ಸುರಿದರು.

ಬದುಕಿದ್ದರೆ ಸಾಕೇ? ಆ ಮುದುಕಿಯ ಲೆಕ್ಕದಲ್ಲಿ ನಾನು ಗೆದ್ದವಳು. ಆದರೆ ನಾನು ಎರಡು ವರ್ಷದ ನಂತರ ರಜೆಗೆ ಬಂದಾಗ ನೀನು ದೊಡ್ಡಮ್ಮನನ್ನು "ಅಮ್ಮ" ಎಂದು ಕರೆಯುತ್ತಿದ್ದೆ. ನನ್ನನ್ನು ಏನೆಂದು ಕರೆಯಬೇಕೆಂದು ತಿಳಿಯದೆ "ದೋಹಾ ಅಮ್ಮ" ಎಂದಿದ್ದೆ. ಆ ಹೆಸರೇ ನಿಂತುಬಿಟ್ಟಿತು. ದೊಡ್ಡಮ್ಮನಿಗೆ ನಗು, ನನಗೂ ನಗು. ಅದೇನು ಸಣ್ಣ ವಿಷಯವೇ? ಒಂದು ಮಗು ಸತ್ತದ್ದರ ಮುಂದೆ ಅದು ಸಣ್ಣ ವಿಷಯವೇ. ಹಾಗಾದರೆ ಯಾಕೆ ನೋಯುತ್ತದೆ? ಸತ್ತವರ ಮುಂದೆ ನಿಂತು ನನಗೆ ನೋವಾಗಿದೆ ಎಂದು ಹೇಳುವ ಅಧಿಕಾರ ನನಗೆ ಉಂಟೋ ಇಲ್ಲವೋ?

ಮರುದಿನ ಬೆಳಿಗ್ಗೆ ನಾನೊಬ್ಬಳೇ ಅಲ್ಲಿನ ಇಗರ್ಜಿಯ ಹಿಂದಿರುವ ಸಮಾಧಿಗಳ ಜಾಗಕ್ಕೆ ಹೋದೆ. ಆ ಮಗುವಿನ ಕಲ್ಲು ಹುಡುಕಿದೆ. ಸಿಗಲಿಲ್ಲ. ಎಳೆಮಕ್ಕಳಿಗೆ ಆಗ ಕಲ್ಲು ಹಾಕುತ್ತಿರಲಿಲ್ಲ ಎಂದು ಪ್ಯಾಟ್ರಿಷಿಯಾ ಆಮೇಲೆ ಹೇಳಿದಳು. ಏನು ಪ್ರಾರ್ಥನೆ ಹೇಳಬೇಕೆಂದು ತಿಳಿಯದೆ ಹುಲ್ಲಿನ ಮೇಲೆ ಸ್ವಲ್ಪ ಹೊತ್ತು ನಿಂತೆ. ಯಾರದೋ ಮಗು, ನೂರಿಪ್ಪತ್ತು ವರ್ಷದ ಹಿಂದಿನದು. ಅಷ್ಟು ಅಳು ಎಲ್ಲಿಂದ ಬಂತೋ.

ಆವತ್ತು ಮಧ್ಯಾಹ್ನ ಡಿಜೋನ್ ಸ್ಟೇಷನ್ನಿಗೆ ಬಂದು ಫೋನಿಗೆ ಸಿಗ್ನಲ್ ಸಿಕ್ಕಿದ ಕೂಡಲೇ ನಿನ್ನ ಮೆಸೇಜ್ ಟಣ್ ಎಂದು ಬಿತ್ತು.

ಸೋಮವಾರ, ಆಫೀಸಿನಿಂದ ಬಂದ ಮೇಲೆ

ಶುಕ್ರವಾರ ಬರೆದದ್ದು ಅಷ್ಟಕ್ಕೇ ನಿಂತಿತ್ತು. ಇವತ್ತು ಒಂದು ಕೆಲಸ ಮಾಡಿದೆ. ನಮ್ಮ ಎಚ್.ಆರ್.ನ ಅಶ್ರಫ್ ಬಳಿ ಹೋಗಿ ಸಂಬಳವಿಲ್ಲದೆ ಒಂದು ವರ್ಷ ರಜೆ ಕೊಡುತ್ತೀರಾ ಎಂದು ಕೇಳಿದೆ. ಒಳ್ಳೆಯ ಮನುಷ್ಯ, ಕಾಸರಗೋಡಿನವನು, ಕನ್ನಡ ಬರುತ್ತದೆ. "ಒಂದು ವರ್ಷ ಮಾಫಿ ಮೇಡಂ, ಸಿಗ್ಲಿಕ್ಕೇ ಇಲ್ಲ. ಒಂದು ತಿಂಗಳು ಬೇಕಾದ್ರೆ ನೋಡುವ. ಇಲ್ಲಾಂದ್ರೆ ರಿಸೈನ್. ನಿಮ್ಮ ಪ್ರಾಯಕ್ಕೆ ರಿಸೈನ್ ಮಾಡಿದ್ರೆ ಮತ್ತೆ ಯಾರು ತೆಗೊಳ್ತಾರೆ?" ಎಂದ. ನಾನು ರಾಜೀನಾಮೆ ಕೊಟ್ಟು ಊರಿಗೆ ಬಂದು ಪಾಪುವನ್ನು ನೋಡಿಕೊಳ್ಳಬಹುದು. ಆದರೆ ಎಂಥ ವಿಚಿತ್ರ ನೋಡು. ನಾನು ಕೊನೆಗೂ ಮನೆಗೆ ಬರುವ ಹೊತ್ತಿಗೆ ನೀನು ಹೊರಟಿರುತ್ತೀ. ನಾನು ಇಳಿದ ವಿಮಾನವನ್ನೇ ನೀನು ಹತ್ತಿ ಬರುವುದು. ಇನ್ನೊಂದು ಮಗು ಇನ್ನೊಬ್ಬ ಅಜ್ಜಿಯ ಕೈಯಲ್ಲಿ.

ಬೇಡ, ಬರಬೇಡ ಎಂದು ಬರೆಯಲೇ? ಬರೆದೆ, ಹೊಡೆದುಹಾಕಿದೆ, ಈ ಹಾಳೆಯ ಮೇಲ್ಭಾಗದಲ್ಲಿ ಕಾಣುವ ಶಾಯಿಯ ಗುರುತು ಅದೇ. ಯಾವ ಬಾಯಿಯಿಂದ ಹೇಳಲಿ? ನಾನು ಹೊರಟವಳು. ಹೊರಟದ್ದರಿಂದ ನೀನು ಓದಿದೆ, ಹಾಗೆ ಓದಿದ್ದರಿಂದ ಈ ಕೆಲಸ ಸಿಕ್ಕಿತು. ನನ್ನ ಕಾಲಕ್ಕೆ ಅನಿವಾರ್ಯ ಎಂಬುದೊಂದು ಇತ್ತು. ನಿನಗೆ ಅಕ್ಷಯ್ ಇದ್ದಾನೆ, ಅವನಿಗೆ ಉದ್ಯೋಗ ಇದೆ. ನಿನಗೆ ಇದು ಆಸೆ. ಆಸೆ ಅನಿವಾರ್ಯಕ್ಕಿಂತ ಕಡಿಮೆಯದು ಎಂದು ಹೇಳಲಿಕ್ಕೂ ನನಗೆ ಧೈರ್ಯವಿಲ್ಲ. ಪ್ಯಾಟ್ರಿಷಿಯಾಳ ಮುತ್ತಜ್ಜಿ ಎರಡನೆಯ ಸಲ ಹೊರಟದ್ದು ಬಡತನಕ್ಕೋ? ಅಥವಾ ಆ ಬಿಸಿ ಕೋಣೆ, ಹೊಟ್ಟೆ ತುಂಬ ಊಟ, ತಲೆಗೆ ರಿಬ್ಬನ್ನು, ಅವುಗಳ ರುಚಿ ಹತ್ತಿತ್ತೋ? ಹತ್ತಿದ್ದರೆ ಅದು ತಪ್ಪೇ? ನನಗೂ ಈ ಊರು, ನನ್ನದೇ ಒಂದು ಮೇಜು, ನನ್ನದೇ ಒಂದು ಬೀಗದ ಕೈ ಇಷ್ಟವಾಗಲಿಲ್ಲವೇ?

ಈಗಷ್ಟೇ ಫಾಹಿಮಾ ಮೀನುಸಾರು ಕೊಡಲು ಬಂದು ನಾನು ಬರೆಯುವುದನ್ನು ನೋಡಿದಳು. "ಎಂತ ಗುಲಾಬಕ್ಕ, ಮೂರು ದಿನದಿಂದ ಬರೀತಿದ್ದೀರಿ? ಬಾ ಅಂತ ಒಂದು ಮಾತು ಬರೆದ್ರೆ ಖಲಾಸ್. ಇಲ್ಲಿ ನಾವೆಲ್ಲ ಇಲ್ವಾ?" ಎಂದಳು. "ಮತ್ತೆ ಮಗು?" ಎಂದೆ. ಅವಳು ಸಾರಿನ ಪಾತ್ರೆ ಇಟ್ಟು, ನನ್ನ ಹೆಗಲ ಮೇಲೆ ಕೈ ಇಟ್ಟು ಹೋದಳು.

ಹಾಗಾಗಿ, ಮಗಾ, ನೀನು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ನೀನು ಬಂದರೆ ಮೆಟ್ರೋ ಸ್ಟೇಷನ್ನಿನ ಪಕ್ಕದ ಈ ಮನೆಯಲ್ಲಿ ನಿನಗೊಂದು ಕೋಣೆ ಇದೆ. ಬಾರದಿದ್ದರೆ ನಾನು ಒಂದು ಮಾತೂ ಆಡುವುದಿಲ್ಲ. ಕ್ಲಿನಿಕ್ಕಿನವರ ಹತ್ತಿರ ಆರು ತಿಂಗಳು ತಡವಾಗಿ ಸೇರಲು ಆಗುತ್ತದೆಯೇ ಎಂದು ಮಾತ್ರ ಒಮ್ಮೆ ಕೇಳು, ಕೇಳದೆ ಬಿಡಬೇಡ. ನಾನು ಆವತ್ತು ಕೇಳಿರಲಿಲ್ಲ, ಕೇಳಬಹುದು ಎಂದೇ ಗೊತ್ತಿರಲಿಲ್ಲ.

ದೊಡ್ಡಮ್ಮನಿಗೆ ನನ್ನ ನಮಸ್ಕಾರ. ಅಕ್ಷಯನಿಗೆ ಬಾದಾಮಿ, ಖರ್ಜೂರ ಕಳಿಸಿದ್ದೇನೆ. ದೇವರು ನಿಮ್ಮ ಮೂವರನ್ನೂ ತಣ್ಣಗೆ ಇಟ್ಟಿರಲಿ.

ನಿನ್ನ
ದೋಹಾ ಅಮ್ಮ,
ಗುಲಾಬಿ

ಕವರು ಅಂಟಿಸುವ ಮೊದಲು ಇನ್ನೊಂದು ಮಾತು—

ಬರೆದದ್ದನ್ನೆಲ್ಲ ಮತ್ತೆ ಓದಿದೆ. ಪರವೂರಿನ ಹೆಂಗಸಿನ ಕಥೆ ಹೇಳಿ ನನ್ನದನ್ನು ನುಂಗಿಕೊಂಡಿದ್ದೇನೆ.

ನಾನು ಹೊರಡುವ ಮೂರು ದಿನ ಮೊದಲು ಅಕ್ಕ ಎರಡು ಚೆಂಡು ಮಲ್ಲಿಗೆ ತಂದು ನನ್ನ ಎದೆಗೆ ಕಟ್ಟಿ ಮೇಲಿನಿಂದ ಬಟ್ಟೆ ಬಿಗಿದಳು. ಮಲ್ಲಿಗೆ ಕಟ್ಟಿದರೆ ಹಾಲು ಬತ್ತುತ್ತದೆ ಎಂದು. ಬತ್ತಲಿಲ್ಲ. ಇಲ್ಲಿಗೆ ಬಂದ ಮೇಲೂ ಕ್ಲಿನಿಕ್ಕಿನ ಬಾತ್‌ರೂಮಿನಲ್ಲಿ ಹಿಂಡಿ ಚೆಲ್ಲುತ್ತಿದ್ದೆ. ಆಗ ನಾನಿದ್ದದ್ದು ಫಾಹಿಮಾಳ ಮನೆಯ ಒಂದು ಕೋಣೆಯಲ್ಲಿ. ಅವಳಿಗೆ ಮುಫೀದಾ ಹುಟ್ಟಿ ಆರು ದಿನವಾಗಿತ್ತು. ಬಾಣಂತಿಗೆ ಜ್ವರ ಏರಿ ಆಸ್ಪತ್ರೆಗೆ ಸೇರಿಸಿದರು. ಮಗು ಬಾಟಲಿ ಹಿಡಿಯಲಿಲ್ಲ. ಅತ್ತು ಅತ್ತು ಸ್ವರ ಬಿದ್ದುಹೋಗಿತ್ತು. ಶಾಹುಲ್ ಹಮೀದರು ಅದನ್ನು ಎತ್ತಿಕೊಂಡು ನನ್ನ ಬಾಗಿಲಲ್ಲಿ ನಿಂತರು. ನಾನೇ ಕೈ ಚಾಚಿದೆ.

ಹನ್ನೊಂದು ದಿನ. ಅವರ ಧರ್ಮದಲ್ಲಿ ಹಾಗೆ ಹಾಲು ಕೊಟ್ಟವಳೂ ತಾಯಿಯೇ. ಮುಫೀದಾ ಇವತ್ತಿಗೂ ನನ್ನನ್ನು "ಗುಲಾಬಮ್ಮ" ಎನ್ನುವುದು ಅದಕ್ಕೆ. ಹನ್ನೆರಡು ವರ್ಷದವಳಿದ್ದಾಗ ನೀನು ಇಲ್ಲಿಗೆ ಬಂದು, "ಅವಳು ಯಾಕೆ ನಿನ್ನನ್ನು ಅಮ್ಮ ಅಂತಾಳೆ?" ಎಂದು ಕೇಳಿದ್ದೆ. "ಸುಮ್ಮನೆ" ಎಂದಿದ್ದೆ.

ಅದೇ ಹನ್ನೊಂದು ದಿನಗಳಲ್ಲಿ ನೀನು ಆಸ್ಪತ್ರೆಯಲ್ಲಿದ್ದೆ. ವಾಂತಿ, ಭೇದಿ. ಹೊರಗಿನ ಹಾಲು ನಿನಗೆ ಹಿಡಿಸಿರಲಿಲ್ಲ. ಕೈಯಲ್ಲಿ ನರ ಸಿಗದೆ ತಲೆಗೆ ಸೂಜಿ ಹಾಕಿ ಗ್ಲೂಕೋಸ್ ಕೊಟ್ಟಿದ್ದರಂತೆ. ಅಕ್ಕ ನನಗೆ ತಿಳಿಸಲಿಲ್ಲ. ಮೊದಲ ರಜೆಗೆ ಬಂದಾಗ ನಿನ್ನ ತಲೆ ಬಾಚುತ್ತಾ ಆ ಕಲೆ ನೋಡಿ ನಾನೇ ಕೇಳಿದೆ. "ಹೇಳಿದ್ರೆ ನೀನು ಓಡಿ ಬರ್ತಿದ್ದಿ. ಕೆಲಸ ಹೋಗ್ತಿತ್ತು" ಎಂದಳು. ಯಾವ ತಾರೀಕು ಎಂದು ಕೇಳಿದೆ. ಯಾಕೆ ಕೇಳಿದೆನೋ!

ಮುಫೀದಾಳಿಗೆ ಹಾಲು ಕೊಟ್ಟದ್ದು ತಪ್ಪು ಎಂದು ನಾನು ಯಾವತ್ತೂ ಅಂದುಕೊಂಡಿಲ್ಲ. ಹಸಿದ ಮಗು, ಕೊಟ್ಟೆ. ಆದರೆ ಅದು ಹೊಟ್ಟೆ ತುಂಬಿ ನನ್ನ ಎದೆಯ ಮೇಲೆ ನಿದ್ದೆ ಹೋಗುತ್ತಿದ್ದಾಗ ನನಗೆ ಹಾಯೆನಿಸುತ್ತಿತ್ತು, ಅಶ್ವಿತಾ. ಇಲ್ಲಿಗೆ ಬಂದ ಮೇಲೆ ಮೊದಲ ಸಲ ನಾನು ಸುಖವಾಗಿದ್ದೆ. ಆ ಸುಖವನ್ನು ಏನು ಮಾಡಬೇಕೆಂದು ಇಪ್ಪತ್ತೇಳು ವರ್ಷದಿಂದ ನನಗೆ ತಿಳಿಯುತ್ತಿಲ್ಲ.

ಸಿಟ್ಟು ಬಂದರೆ ಫೋನ್ ಮಾಡಿ ಬೈ, ಈ ಸಲ ಇಡುವುದಿಲ್ಲ. ಮೊದಲು ಪಾಪುವಿಗೆ ಹಾಲು ಕೊಟ್ಟು ಮಲಗಿಸು. ಆಮೇಲೆ ಮಾಡು.